ಹಿಮ ಹೆಬ್ಬಾತು ಮತ್ತು ವಸಂತದ ದೀಮಬೇಟೆ: ಉತ್ತರ ಅಮೆರಿಕದ ಒಂದು ಶಾಸನ ಪರಿವರ್ತನೆಯ ಚರಿತ್ರೆ

ಪೀಠಿಕೆ

ಉತ್ತರ ಅಮೆರಿಕ ಖಂಡದ ವನ್ಯಜೀವಿ ಶಾಸನಗಳ ಇತಿಹಾಸದಲ್ಲಿ ಹಿಮ ಹೆಬ್ಬಾತಿಗೆ ವಿಶಿಷ್ಟವಾದ ಸ್ಥಾನವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆಗಾರನಿಂದ ಈ ಹಕ್ಕಿಯನ್ನು ಉಳಿಸಬೇಕೆಂಬ ಉದ್ದೇಶದಿಂದ ವಸಂತ ಋತುವಿನ ಬೇಟೆಯನ್ನು ನಿಷೇಧಿಸಲಾಯಿತು. ಅದೇ ಶತಮಾನದ ಕೊನೆಯಲ್ಲಿ, ಈ ಹಕ್ಕಿಯಿಂದ ಉತ್ತರ ಧ್ರುವಪ್ರದೇಶದ ನೆಲವನ್ನು ಉಳಿಸಬೇಕೆಂಬ ಉದ್ದೇಶದಿಂದ ವಸಂತದ ಬೇಟೆಗೆ ಮತ್ತೆ ಅವಕಾಶ ನೀಡಲಾಯಿತು. ಹಿಂದೆ ನಿಷೇಧಕ್ಕೊಳಗಾಗಿದ್ದ ಸಾಧನಗಳಲ್ಲಿ ಕೆಲವು ಈ ಬಾರಿ ಸರ್ಕಾರದ ಒಪ್ಪಿಗೆಯನ್ನೇ ಪಡೆದವು. ಆದರೆ ಅಪೇಕ್ಷಿತ ಫಲ ದೊರೆಯಲಿಲ್ಲ. ಅದಕ್ಕೆ ಕಾರಣವಾದ ಸಂಗತಿಗಳು ಹಕ್ಕಿಯ ಸ್ವಭಾವದಲ್ಲಿಯೂ ದೀಮವನ್ನೊಡ್ಡಿ ಆಡುವ ಬೇಟೆಯ ಸ್ವರೂಪದಲ್ಲಿಯೂ ಅಡಗಿವೆ. ಈ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿಮ ಹೆಬ್ಬಾತು ಬಿಳಿಯ ಮೈ, ಕಪ್ಪು ರೆಕ್ಕೆತುದಿಗಳುಳ್ಳ ಹಕ್ಕಿ. ಬೇಸಿಗೆಯಲ್ಲಿ ಕೆನಡಾದ ಧ್ರುವಪ್ರದೇಶದಲ್ಲಿಯೂ ಹಡ್ಸನ್ ಕೊಲ್ಲಿಯ ತೀರದಲ್ಲಿಯೂ ಗೂಡುಕಟ್ಟುತ್ತದೆ. ಚಳಿಗಾಲವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗಗಳಲ್ಲಿ ಕಳೆಯುತ್ತದೆ. ಇದರಲ್ಲಿ ಬೂದುನೀಲಿ ಬಣ್ಣದ ಹಕ್ಕಿಗಳೂ ಇವೆ. 1758ರಲ್ಲಿ ಲಿನೇಯಸ್ ಈ ಪ್ರಭೇದಕ್ಕೆ ನಾಮಕರಣ ಮಾಡಿದಾಗ ಆಧಾರವಾಗಿದ್ದುದು ನೀಲಿ ಬಣ್ಣದ ಹಕ್ಕಿಯೇ. ಬಹುಕಾಲ ಇವೆರಡನ್ನೂ ಬೇರೆಬೇರೆ ಪ್ರಭೇದಗಳೆಂದು ಭಾವಿಸಲಾಗಿತ್ತು. ನೀಲಿ ಹೆಬ್ಬಾತು ಎಲ್ಲಿ ಗೂಡುಕಟ್ಟುತ್ತದೆಂಬುದು ದೀರ್ಘಕಾಲ ನಿಗೂಢವಾಗಿಯೇ ಉಳಿದು, 1929ರಲ್ಲಿ ಕೆನಡಾದ ಅನ್ವೇಷಕ ಜೆ. ಡ್ಯೂಯಿ ಸೋಪರ್ ಬ್ಯಾಫಿನ್ ದ್ವೀಪದಲ್ಲಿ ಆ ನೆಲೆಯನ್ನು ಪತ್ತೆಹಚ್ಚಿದನು. ಇವು ಒಂದೇ ಪ್ರಭೇದದ ಎರಡು ವರ್ಣಗಳೆಂಬುದು ಅನಂತರದ ದಶಕಗಳ ಸಂಶೋಧನೆಯಿಂದ ಸ್ಥಿರಪಟ್ಟಿತು.

ದೀಮದ ಪರಂಪರೆ

ಬೇಟೆಯಲ್ಲಿ ಒಂದು ಪ್ರಾಣಿಯನ್ನೋ ಅದರ ಪ್ರತಿಕೃತಿಯನ್ನೋ ಮುಂದೊಡ್ಡಿ ಅದರ ಜಾತಿಯ ಇತರ ಪ್ರಾಣಿಗಳನ್ನು ಸೆಳೆಯುವ ಉಪಾಯಕ್ಕೆ ಕನ್ನಡದಲ್ಲಿ ‘ದೀಮ’ ಅಥವಾ ‘ದೀವ’ ಎಂಬ ಹಳೆಯ ಶಬ್ದವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಬೇಟೆಯ ಪ್ರಕರಣದಲ್ಲಿ ಪಳಗಿಸಿದ ಜಿಂಕೆಯಿಂದ ಕಾಡಿನ ಜಿಂಕೆಯನ್ನು ಸೆಳೆಯುವ ಕ್ರಮವೂ ಸೇರಿದೆ. ಹೀಗೆ ಕನ್ನಡ ನಾಡಿಗೂ ಪರಿಚಿತವಾದ ಈ ಉಪಾಯವು ಉತ್ತರ ಅಮೆರಿಕದಲ್ಲಿ ಮುಖ್ಯವಾಗಿ ನೀರುಹಕ್ಕಿಗಳ ಬೇಟೆಯಲ್ಲಿ ಬೆಳೆಯಿತು.

ಅಲ್ಲಿ ದೊರೆತಿರುವ ಪ್ರಾಚೀನ ದೀಮಗಳು ನೆವಾಡಾದ ಲವ್‌ಲಾಕ್ ಗುಹೆಯವು. 1924ರ ಉತ್ಖನನದಲ್ಲಿ ಬೆಳಕಿಗೆ ಬಂದ, ಜೊಂಡುಹುಲ್ಲನ್ನು ಹೆಣೆದು ಮಾಡಿದ ಈ ಬಾತುಗಳ ಪ್ರಾಚೀನತೆ ಸುಮಾರು ಎರಡು ಸಾವಿರ ವರ್ಷಗಳೆಂದು ನಿರ್ಧರಿಸಲಾಗಿದೆ. ಹಡ್ಸನ್ ಕೊಲ್ಲಿ ಮತ್ತು ಜೇಮ್ಸ್ ಕೊಲ್ಲಿಗಳ ತೀರದ ಕ್ರೀ ಜನಾಂಗಕ್ಕೆ ಹೆಬ್ಬಾತಿನ ಬೇಟೆ ಜೀವನಾಧಾರವೂ ಸಾಮಾಜಿಕ ವಿಧಿಯೂ ಆಗಿತ್ತು. ಕೆಸರಿನ ಉಂಡೆ, ಕಡ್ಡಿಯ ಕಟ್ಟು, ಕೊಂದ ಹಕ್ಕಿಯ ರೆಕ್ಕೆ ಇವುಗಳಿಂದ ಅವರು ದೀಮಗಳನ್ನು ರಚಿಸುತ್ತಿದ್ದರು. ಕೂಗನ್ನು ಬಾಯಿಯಿಂದಲೇ ಅನುಕರಿಸುತ್ತಿದ್ದರು. 1670ರಲ್ಲಿ ಸ್ಥಾಪಿತವಾದ ಹಡ್ಸನ್ ಬೇ ಕಂಪನಿಯ ಕೋಠಿಗಳು ಕ್ರೀ ಬೇಟೆಗಾರರು ತಂದ ಹೆಬ್ಬಾತುಗಳನ್ನು ಉಪ್ಪುಹಾಕಿ ಪೀಪಾಯಿಗಳಲ್ಲಿ ಶೇಖರಿಸಿ ಚಳಿಗಾಲವನ್ನು ಕಳೆಯುತ್ತಿದ್ದವು. ಹಿಮ ಹೆಬ್ಬಾತಿಗೆ ಆ ಪ್ರದೇಶದ ಇಂಗ್ಲಿಷಿನಲ್ಲಿ ರೂಢಿಯಲ್ಲಿದ್ದ ‘ವೇವಿ’ ಎಂಬ ಹೆಸರು ಕ್ರೀ ಭಾಷೆಯಿಂದ ಬಂದುದು.

ಕ್ರೀ ಜನರಿಗೆ ವಸಂತದ ಬೇಟೆಯೇ ಮುಖ್ಯವಾಗಿತ್ತೆಂಬುದು ಗಮನಾರ್ಹ. ದೀರ್ಘವಾದ ಚಳಿಗಾಲದ ತರುವಾಯ ಉತ್ತರಕ್ಕೆ ಮರಳುವ ಕೊಬ್ಬಿದ ಹಕ್ಕಿಗಳು ಅವರಿಗೆ ಆಹಾರದ ಮೊದಲ ದೊಡ್ಡ ಆಸರೆ. ದಕ್ಷಿಣದಲ್ಲಿ ವಸಂತದ ಬೇಟೆಯನ್ನು ನಿಷೇಧಿಸಿದ ಶಾಸನವು ಉತ್ತರದ ಈ ಅಗತ್ಯವನ್ನು ಪರಿಗಣಿಸಲಿಲ್ಲ.

1916ರ ಒಪ್ಪಂದ ಮತ್ತು ವಸಂತ ಬೇಟೆಯ ನಿಷೇಧ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ನಗರಗಳ ಮಾಂಸದ ಮಾರುಕಟ್ಟೆಗಾಗಿ ನೀರುಹಕ್ಕಿಗಳ ವಧೆ ಭಾರಿ ಪ್ರಮಾಣದಲ್ಲಿ ನಡೆಯಿತು. ರೈಲುಮಾರ್ಗ, ಮಂಜುಗಡ್ಡೆಯ ಬಳಕೆ ಮತ್ತು ಹೊಸ ಕೋವಿಗಳು ಇದಕ್ಕೆ ನೆರವಾದವು. ದೊಡ್ಡ ಹಿಮ ಹೆಬ್ಬಾತು ಎಂಬ ಪೂರ್ವ ತೀರದ ಉಪಪ್ರಭೇದವು 1900ರ ಸುಮಾರಿಗೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಒಂದು ಕಾಲದಲ್ಲಿ ಆಕಾಶವನ್ನೇ ಮುಚ್ಚುತ್ತಿದ್ದ ಪ್ರಯಾಣಿಕ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಜನಾಭಿಪ್ರಾಯ ಬದಲಾಗಲು ಇಂತಹ ಘಟನೆಗಳು ಕಾರಣವಾದವು.

ಬೇಟೆಯಾಡಿದ ಹಕ್ಕಿಗಳ ಅಂತರರಾಜ್ಯ ವ್ಯಾಪಾರವನ್ನು 1900ರ ಲೇಸಿ ಕಾಯಿದೆಯು ನಿಯಂತ್ರಿಸಿತು. 1913ರ ವೀಕ್ಸ್-ಮೆಕ್ಲೀನ್ ಕಾಯಿದೆಯು ವಲಸೆ ಹಕ್ಕಿಗಳನ್ನು ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಡಿಸಿತು. ವಸಂತದಲ್ಲಿ ಕೊಲ್ಲಲ್ಪಡುವ ಹಕ್ಕಿ ಚಳಿಗಾಲದ ಕಷ್ಟಗಳನ್ನು ದಾಟಿ, ಜೋಡಿ ಕೂಡಿ, ಮೊಟ್ಟೆಯಿಡಲು ಹೊರಟ ಹಕ್ಕಿ. ಆದ್ದರಿಂದ ಆ ಋತುವಿನ ಒಂದು ಸಾವು ಶರತ್ಕಾಲದ ಒಂದು ಸಾವಿಗಿಂತ ಹೆಚ್ಚಿನ ನಷ್ಟವೆಂಬುದು ಸಂರಕ್ಷಣಾವಾದಿಗಳ ತರ್ಕವಾಗಿತ್ತು. 1916ರ ಆಗಸ್ಟ್‌ನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಕೆನಡಾದ ಪರವಾಗಿ ಬ್ರಿಟನ್ನಿಗೂ ಆದ ವಲಸೆ ಹಕ್ಕಿಗಳ ಒಪ್ಪಂದವು ಇದೇ ತರ್ಕವನ್ನು ಅಂತರರಾಷ್ಟ್ರೀಯ ನಿಯಮವಾಗಿಸಿತು. ಅದರಂತೆ ನೀರುಹಕ್ಕಿಗಳ ಬೇಟೆಗೆ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಅವಕಾಶವಿರಲಿಲ್ಲ. ಒಪ್ಪಂದವನ್ನು ಜಾರಿಗೊಳಿಸುವ ಕಾಯಿದೆಯು 1918ರಲ್ಲಿ ಬಂದಿತು. ಇದು ರಾಜ್ಯಗಳ ಅಧಿಕಾರದ ಅತಿಕ್ರಮಣವೆಂದು ಮಿಸೌರಿ ರಾಜ್ಯವು ಹೂಡಿದ ಮೊಕದ್ದಮೆಯನ್ನು 1920ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು.

ಒಪ್ಪಂದದ ಏಳನೆಯ ವಿಧಿಯನ್ನು ಇಲ್ಲಿ ವಿಶೇಷವಾಗಿ ಉಲ್ಲೇಖಿಸಬೇಕು. ಅಸಾಧಾರಣ ಪರಿಸ್ಥಿತಿಯಲ್ಲಿ ಹಕ್ಕಿಗಳು ಕೃಷಿಗಾಗಲಿ ಇತರ ಹಿತಗಳಿಗಾಗಲಿ ತೀವ್ರ ಹಾನಿಕಾರಕವಾದಲ್ಲಿ ಅವುಗಳನ್ನು ಕೊಲ್ಲಲು ಅನುಮತಿ ನೀಡಬಹುದೆಂದು ಈ ವಿಧಿ ಹೇಳುತ್ತದೆ. 1916ರಲ್ಲಿ ಅಪವಾದವೆಂದು ಸೇರಿಸಿದ ಈ ವಿಧಿಯೇ ಎಂಬತ್ತು ವರ್ಷಗಳ ತರುವಾಯ ವಸಂತದ ಬೇಟೆಯ ಪುನರಾರಂಭಕ್ಕೆ ಬಾಗಿಲಾಯಿತು.

1935ರಲ್ಲಿ ಇನ್ನಷ್ಟು ನಿರ್ಬಂಧಗಳು ಬಂದವು. ಜೀವಂತ ಹಕ್ಕಿಗಳನ್ನು ದೀಮವಾಗಿ ಕಟ್ಟುವುದು ಮತ್ತು ಕಾಳು ಚೆಲ್ಲಿ ಸೆಳೆಯುವುದು ನಿಷಿದ್ಧವಾದವು. ಕೋವಿಯಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾಗಳಿರಬಾರದೆಂಬ ನಿಯಮ ಜಾರಿಗೆ ಬಂದಿತು. ಅಂದಿನಿಂದ ಬೇಟೆಗಾರನಿಗೆ ಉಳಿದುದು ಕೃತಕ ದೀಮ ಮಾತ್ರ.

ಜೌಗಿನಿಂದ ಹೊಲಕ್ಕೆ

ಖಂಡದ ಮಧ್ಯಭಾಗದ ಚಿಕ್ಕ ಹಿಮ ಹೆಬ್ಬಾತುಗಳು ಹಿಂದೆ ಚಳಿಗಾಲವನ್ನು ಟೆಕ್ಸಾಸ್ ಮತ್ತು ಲೂಯಿಸಿಯಾನಾಗಳ ಕಡಲತೀರದ ಜೌಗುಗಳಲ್ಲಿ, ಜೊಂಡಿನ ಬೇರುಗಳನ್ನು ಕಿತ್ತು ತಿನ್ನುತ್ತ ಕಳೆಯುತ್ತಿದ್ದವು. ಆ ಜೌಗಿನ ಆಹಾರವೇ ಅವುಗಳ ಸಂಖ್ಯೆಗೆ ಮಿತಿಯಾಗಿತ್ತು. ಜೌಗಿನ ಹಿಂದಿನ ಬಯಲುಗಳಲ್ಲಿ ಭತ್ತದ ಕೃಷಿ ಹಬ್ಬಿದಂತೆ ಹಕ್ಕಿಗಳು ಒಳನಾಡಿಗೆ ಸರಿದವು. ಎರಡನೆಯ ಮಹಾಯುದ್ಧದ ನಂತರ ರಸಗೊಬ್ಬರ ಮತ್ತು ಯಂತ್ರಗಳ ಬಳಕೆಯಿಂದ ಮೆಕ್ಕೆಜೋಳ, ಗೋಧಿ, ಭತ್ತಗಳ ಇಳುವರಿ ಹೆಚ್ಚಿತು; ಕೊಯ್ಲಿನ ಬಳಿಕ ಹೊಲದಲ್ಲಿ ಉಳಿಯುವ ಕಾಳು ವಲಸೆಯ ದಾರಿಯುದ್ದಕ್ಕೂ ದೊರೆಯುವ ಅನ್ನವಾಯಿತು. ಅಭಯಾರಣ್ಯಗಳ ಸುರಕ್ಷಿತ ನೀರಿನಲ್ಲಿ ತಂಗಿ ಹತ್ತಿರದ ಹೊಲಗಳಲ್ಲಿ ಮೇಯುವ ಕ್ರಮವನ್ನು ಹಕ್ಕಿಗಳು ರೂಢಿಸಿಕೊಂಡವು. ಮಧ್ಯಚಳಿಗಾಲದ ಗಣತಿಯಲ್ಲಿ 1969ರಲ್ಲಿ ಸುಮಾರು 8 ಲಕ್ಷವಿದ್ದ ಇವುಗಳ ಸಂಖ್ಯೆ 1990ರ ದಶಕದ ಮಧ್ಯದ ವೇಳೆಗೆ ಸುಮಾರು 27 ಲಕ್ಷವನ್ನು ಮುಟ್ಟಿತು.

ದೀಮದ ರೂಪವೂ ಇದಕ್ಕನುಗುಣವಾಗಿ ಮಾರ್ಪಟ್ಟಿತು. ಬಾತಿನ ಬೇಟೆಗೆ ಕೆತ್ತಿದ ಮರದ ಹತ್ತಿಪ್ಪತ್ತು ದೀಮಗಳು ಸಾಕಾಗಿದ್ದವು. ಸಾವಿರಗಟ್ಟಲೆ ಹಿಂಡಾಗಿ ಇಳಿಯುವ ಹಿಮ ಹೆಬ್ಬಾತು ಅಷ್ಟಕ್ಕೆ ಸೆಳೆಯಲ್ಪಡುವುದಿಲ್ಲ. ಟೆಕ್ಸಾಸಿನ ಭತ್ತದ ಬಯಲುಗಳಲ್ಲಿ ಬೇಟೆಗಾರರು ವೃತ್ತಪತ್ರಿಕೆಯ ಹಾಳೆ, ಮೇಜಿನ ಬಟ್ಟೆ, ಬಿಳಿಯ ಅರಿವೆಯ ತುಂಡುಗಳನ್ನು ಕೂಳೆಯ ಮೇಲೆ ನೂರುಗಟ್ಟಲೆ ಹರಡಿ, ತಾವೂ ಬಿಳಿಯ ನಿಲುವಂಗಿ ತೊಟ್ಟು ಅವುಗಳ ನಡುವೆ ಮಲಗುವ ಪದ್ಧತಿಯನ್ನು ಬೆಳೆಸಿದರು. ಅಲ್ಲಿ ಒಂದೊಂದು ದೀಮದ ಹೋಲಿಕೆಗಿಂತ ಇಡೀ ಹಿಂಡಿನ ಹೋಲಿಕೆ ಮುಖ್ಯವಾಯಿತು.

ಲಾ ಪೆರೂಸ್ ಕೊಲ್ಲಿಯ ಸಾಕ್ಷ್ಯ

ಹಕ್ಕಿಯ ಸಂಖ್ಯಾವೃದ್ಧಿಯ ಪರಿಣಾಮ ಕಂಡುಬಂದುದು ಮೂರು ಸಾವಿರ ಕಿಲೋಮೀಟರುಗಳಷ್ಟು ಉತ್ತರದಲ್ಲಿ. ಮ್ಯಾನಿಟೋಬಾದ ಚರ್ಚಿಲ್ ಪಟ್ಟಣದ ಪೂರ್ವಕ್ಕಿರುವ ಲಾ ಪೆರೂಸ್ ಕೊಲ್ಲಿಯಲ್ಲಿ 1968ರಲ್ಲಿ ಫ್ರೆಡ್ ಕುಕ್ ಎಂಬ ವಿಜ್ಞಾನಿ ಹಿಮ ಹೆಬ್ಬಾತುಗಳ ದೀರ್ಘಾವಧಿ ಅಧ್ಯಯನವನ್ನು ಆರಂಭಿಸಿದನು. ಆರಂಭದಲ್ಲಿ ಅದು ಹಕ್ಕಿಯ ಬಣ್ಣದ ಆನುವಂಶಿಕತೆಯನ್ನು ಕುರಿತುದಾಗಿತ್ತು. ಆಗ ಅಲ್ಲಿ ಗೂಡುಕಟ್ಟುತ್ತಿದ್ದುದು ಸುಮಾರು 2,000 ಜೋಡಿಗಳು. 1990ರ ದಶಕದಲ್ಲಿ ಅವು 40,000 ಜೋಡಿಗಳನ್ನು ಮೀರಿದವು.

ರಾಬರ್ಟ್ ಜೆಫರೀಸ್ ಮತ್ತು ಸಹೋದ್ಯೋಗಿಗಳು ಅಲ್ಲಿಯ ಉಪ್ಪುಜೌಗಿನ ಸಸ್ಯಗಳನ್ನು ಪರಿಶೀಲಿಸಿದರು. ಹಕ್ಕಿಗಳ ಸಂಖ್ಯೆ ಮಿತವಾಗಿದ್ದಾಗ ಮೇಯುವಿಕೆಯಿಂದಲೂ ಹಿಕ್ಕೆಯ ಗೊಬ್ಬರದಿಂದಲೂ ಹುಲ್ಲು ಮತ್ತಷ್ಟು ಚಿಗುರುತ್ತಿತ್ತು. ಸಂಖ್ಯೆ ಮಿತಿಮೀರಿದಾಗ ಸಂಬಂಧವು ತಿರುವುಮುರುವಾಯಿತು. ವಸಂತದ ಆರಂಭದಲ್ಲಿ, ಹುಲ್ಲು ಚಿಗುರುವ ಮೊದಲೇ, ಹಕ್ಕಿಗಳು ಬೇರುಸಮೇತ ಅಗೆದು ತಿಂದವು. ಹೊದಿಕೆ ಕಳೆದುಕೊಂಡ ಮಣ್ಣಿನಿಂದ ನೀರು ಆವಿಯಾಗಿ ಅಡಿಯ ಉಪ್ಪು ಮೇಲೇರಿತು. ಉಪ್ಪೇರಿದ ನೆಲದಲ್ಲಿ ಹುಲ್ಲು ಮತ್ತೆ ಬೇರೂರಲಿಲ್ಲ. ಹಸಿರಾಗಿದ್ದ ತೀರ ಕೆಸರುಬಯಲಾಯಿತು. ಅದೇ ಜೌಗನ್ನು ಆಶ್ರಯಿಸಿದ್ದ ಇತರ ಹಕ್ಕಿಗಳೂ ಕೀಟಗಳೂ ವಿರಳವಾದವು. ಉಪಗ್ರಹ ಚಿತ್ರಗಳು ಈ ಬದಲಾವಣೆ ಹಡ್ಸನ್ ಮತ್ತು ಜೇಮ್ಸ್ ಕೊಲ್ಲಿಗಳ ತೀರದುದ್ದಕ್ಕೂ ಹಬ್ಬಿರುವುದನ್ನು ತೋರಿಸಿದವು.

1997ರಲ್ಲಿ ಬ್ರೂಸ್ ಬ್ಯಾಟ್ ಸಂಪಾದಿಸಿದ ವಿಜ್ಞಾನಿಗಳ ಕಾರ್ಯತಂಡದ ವರದಿಯು ತೀರದ ಉಪ್ಪುಜೌಗಿನ ಮೂರನೆಯ ಒಂದು ಭಾಗಕ್ಕೂ ಮಿಗಿಲಾದ ನೆಲ ನಾಶವಾಗಿದೆಯೆಂದೂ, 2005ರೊಳಗೆ ಹಕ್ಕಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕೆಂದೂ ಪ್ರತಿಪಾದಿಸಿತು. ಇದಕ್ಕೆ ಮೊಟ್ಟೆ-ಮರಿಗಳ ನಾಶಕ್ಕಿಂತ ಬೆಳೆದ ಹಕ್ಕಿಗಳ ಉಳಿವಿನ ಪ್ರಮಾಣವನ್ನು ಕುಗ್ಗಿಸುವುದೇ ಪರಿಣಾಮಕಾರಿ ಮಾರ್ಗವೆಂದು ಲೆಕ್ಕಾಚಾರಗಳು ತೋರಿಸಿದವು. ದೀರ್ಘಾಯುವಾದ ಹಕ್ಕಿಯ ವಿಷಯದಲ್ಲಿ ಇದು ಸಹಜ. 1999ರಲ್ಲಿ ಟೆಕ್ಸಾಸಿನಲ್ಲಿ ಬೇಟೆಗೆ ಸಿಕ್ಕ, ಕಾಲುಂಗುರ ತೊಡಿಸಿದ ಒಂದು ಹಿಮ ಹೆಬ್ಬಾತಿನ ವಯಸ್ಸು ಇಪ್ಪತ್ತೇಳೂವರೆ ವರ್ಷ.

1999ರ ಆದೇಶ

1999ರ ಫೆಬ್ರವರಿಯಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯು ವಸಂತದಲ್ಲಿ ಹಿಮ ಹೆಬ್ಬಾತು ಮತ್ತು ಅದರ ಸಮೀಪಬಂಧುವಾದ ರಾಸ್ ಹೆಬ್ಬಾತುಗಳನ್ನು ಕೊಲ್ಲಲು ಅನುಮತಿ ನೀಡುವ ನಿಯಮಗಳನ್ನು ಪ್ರಕಟಿಸಿತು. ಇದನ್ನು ‘ಬೇಟೆಯ ಋತು’ ಎಂದು ಕರೆಯದೆ ‘ಸಂರಕ್ಷಣಾ ಆದೇಶ’ ಎಂದು ಕರೆದುದಕ್ಕೆ ಕಾರಣವಿದೆ. ಮಾರ್ಚ್ 10ರ ನಂತರ ಬೇಟೆಯ ಋತುವನ್ನು 1916ರ ಒಪ್ಪಂದ ಒಪ್ಪುವುದಿಲ್ಲ; ಹಾನಿತಡೆಯ ವಧೆಯನ್ನು ಅದರ ಏಳನೆಯ ವಿಧಿ ಒಪ್ಪುತ್ತದೆ. ಪ್ರಾಣಿದಯಾ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ ಕಾರಣ ಇಲಾಖೆಯು ಅದೇ ವರ್ಷ ನಿಯಮಗಳನ್ನು ಹಿಂತೆಗೆದುಕೊಂಡಿತು. ಆದರೆ ನವೆಂಬರ್‌ನಲ್ಲಿ ಅಮೆರಿಕದ ಶಾಸನಸಭೆಯು ಕಾಯಿದೆಯ ಮೂಲಕ ಅವುಗಳನ್ನು ಪುನಃ ಸ್ಥಾಪಿಸಿತು. ಪರಿಸರ ಪರಿಣಾಮದ ಸಮಗ್ರ ವರದಿಯ ತರುವಾಯ 2008ರಲ್ಲಿ ಅಂತಿಮ ನಿಯಮಗಳು ಬಂದವು. ಕೆನಡಾ ಸಹ 1999ರಲ್ಲಿ ಕ್ವಿಬೆಕ್ ಮತ್ತು ಮ್ಯಾನಿಟೋಬಾಗಳಲ್ಲಿ ವಸಂತದ ಬೇಟೆಯನ್ನು ಆರಂಭಿಸಿತು. ಮೂಲನಿವಾಸಿಗಳ ವಸಂತ ಬೇಟೆಯನ್ನು ಮಾನ್ಯಮಾಡುವ ತಿದ್ದುಪಡಿಗೆ ಎರಡೂ ದೇಶಗಳು 1995ರಲ್ಲಿ ಸಹಿಮಾಡಿದ್ದವು. ಅದು ಜಾರಿಗೆ ಬಂದುದೂ 1999ರಲ್ಲಿಯೇ.

ಹೊಸ ಆದೇಶದನ್ವಯ ದಿನದ ಮಿತಿ ರದ್ದಾಯಿತು. ಮೂರು ತೋಟಾಗಳ ನಿರ್ಬಂಧ ಸಡಿಲವಾಯಿತು. ಯಂತ್ರದಿಂದ ಹೊರಡಿಸುವ ಧ್ವನಿಮುದ್ರಿತ ಕೂಗಿಗೆ ಅವಕಾಶ ದೊರೆಯಿತು. ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೂ ಗುಂಡುಹಾರಿಸಬಹುದಾಯಿತು. ಜೀವಂತ ದೀಮ ಮತ್ತು ಕಾಳು ಚೆಲ್ಲುವಿಕೆಗಳ ಮೇಲಿನ ನಿಷೇಧ ಮಾತ್ರ ಹಾಗೆಯೇ ಉಳಿಯಿತು.

ವಸಂತದ ದೀಮಬೇಟೆಯ ತೊಡಕುಗಳು

ಇಷ್ಟೆಲ್ಲ ಸಡಿಲಿಕೆಗಳಿದ್ದರೂ ವಸಂತದ ಬೇಟೆ ಸುಲಭವಾಗಲಿಲ್ಲ. ಮೊದಲನೆಯದಾಗಿ, ವಸಂತದ ಹಕ್ಕಿ ಅನುಭವಿ. ಕಳೆದ ಬೇಸಿಗೆಯಲ್ಲಿ ಹುಟ್ಟಿದ ಮರಿಗಳಲ್ಲಿ ದೀಮಕ್ಕೆ ಬೇಗ ಮರುಳಾಗುವವು ಶರತ್ಕಾಲದ ಬೇಟೆಯಲ್ಲಿಯೇ ಬಹುಮಟ್ಟಿಗೆ ಕಳೆದುಹೋಗಿರುತ್ತವೆ. ಉಳಿದವು ಕೆನಡಾದ ಗೋಧಿಹೊಲದಿಂದ ಟೆಕ್ಸಾಸಿನ ಭತ್ತದ ಗದ್ದೆಯವರೆಗೆ ನೂರಾರು ದೀಮರಚನೆಗಳನ್ನು ಮೇಲಿನಿಂದ ಕಂಡ ಹಕ್ಕಿಗಳು. ಹಿಂಡಿನಲ್ಲಿ ಒಂದೆರಡು ಹಳೆಯ ಹಕ್ಕಿಗಳು ಶಂಕಿಸಿ ತಿರುಗಿದರೆ ಸಾವಿರ ಹಕ್ಕಿಗಳು ತಿರುಗುತ್ತವೆ. ಸಾವಿರ ಜೊತೆ ಕಣ್ಣುಗಳಿಂದ ಅಡಗಿರುವುದು ಬೇಟೆಗಾರನ ಮೊದಲ ಕಷ್ಟ.

ಎರಡನೆಯದು ವಲಸೆಯ ವೇಗ. ಶರತ್ಕಾಲದಲ್ಲಿ ಹಕ್ಕಿ ನಿಧಾನವಾಗಿ ದಕ್ಷಿಣಕ್ಕೆ ಸರಿಯುತ್ತದೆ. ವಸಂತದಲ್ಲಿ ಕರಗುವ ಹಿಮದ ಅಂಚನ್ನೇ ಹಿಂಬಾಲಿಸಿ ಉತ್ತರಕ್ಕೆ ಧಾವಿಸುತ್ತದೆ. ಫೆಬ್ರವರಿಯಲ್ಲಿ ಆರ್ಕನ್ಸಾ ಮತ್ತು ಮಿಸೌರಿಗಳಲ್ಲಿದ್ದ ಹಿಂಡುಗಳು ಮಾರ್ಚ್‌ನಲ್ಲಿ ನೆಬ್ರಾಸ್ಕ, ದಕ್ಷಿಣ ಡಕೋಟಗಳನ್ನು ದಾಟುತ್ತವೆ. ಬೆಚ್ಚಗಿನ ದಕ್ಷಿಣದ ಗಾಳಿ ಬೀಸಿದರೆ ಲಕ್ಷಾಂತರ ಹಕ್ಕಿಗಳು ಒಂದೇ ರಾತ್ರಿ ಹೊರಟುಹೋಗುವುದುಂಟು. ಹಿಮಪಾತವಾದರೆ ಹಿಂದಿರುಗುವುದೂ ಉಂಟು. ಮುಂಚೂಣಿಯ ಹಿಂಡುಗಳಲ್ಲಿ ಗೂಡುಕಟ್ಟುವ ಪ್ರಾಯದ ಹಕ್ಕಿಗಳೇ ಹೆಚ್ಚು. ಎಳೆಯ ಹಕ್ಕಿಗಳು ಹೆಚ್ಚಾಗಿರುವ ಹಿಂದಿನ ಹಿಂಡುಗಳೇ ದೀಮಗಳತ್ತ ಸುಲಭವಾಗಿ ಇಳಿಯುತ್ತವೆ.

ಮೂರನೆಯದು ನೆಲ ಮತ್ತು ಗಾಳಿ. ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ದೀಮಗಳನ್ನು ಬೆಳಗಾಗುವ ಮೊದಲೇ ಹರಡಬೇಕು. ಹಿಮ ಕರಗಿ ಕೆಸರಾದ ಹೊಲಕ್ಕೆ ವಾಹನ ಇಳಿಯದು, ಎಲ್ಲವನ್ನೂ ಎಳೆದೊಯ್ಯಬೇಕಾಗುತ್ತದೆ. ಇಂದು ಬಳಕೆಯಲ್ಲಿರುವ ಹಗುರವಾದ ಅರಿವೆಯ ದೀಮಗಳು ಗಾಳಿ ತುಂಬಿಕೊಂಡಾಗ ಮಾತ್ರ ಹಕ್ಕಿಯಂತೆ ಅಲುಗಾಡುತ್ತವೆ. ಗಾಳಿ ಇಲ್ಲದ ದಿನ ಅವು ಜೋತುಬಿದ್ದು ಹಿಂಡನ್ನು ಎಚ್ಚರಿಸುತ್ತವೆ. ಗಾಳಿ ದಿಕ್ಕು ಬದಲಿಸಿದರೆ ಇಡೀ ರಚನೆಯನ್ನೇ ಬದಲಿಸಬೇಕಾಗುತ್ತದೆ. ಏಕೆಂದರೆ ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ.

ನಾಲ್ಕನೆಯದು ಧ್ವನಿ. ಸಂರಕ್ಷಣಾ ಆದೇಶದ ಸುಮಾರಿಗೆ ಲೂಯಿಸಿಯಾನಾದಲ್ಲಿ ನಡೆದ ಪ್ರಯೋಗಗಳಲ್ಲಿ, ಬಾಯಿಯಿಂದ ಊದುವ ಕೂಗುಗಳಿಗಿಂತ ಧ್ವನಿಮುದ್ರಿತ ಕೂಗಿನಿಂದ ಹಲವು ಪಟ್ಟು ಹೆಚ್ಚು ಹಕ್ಕಿಗಳು ಕೋವಿಯ ಅಳತೆಗೆ ಬಂದುದು ಕಂಡುಬಂದಿತ್ತು. ಆದರೆ ಆ ಫಲ ಹೊಸತನದ ಫಲವೂ ಆಗಿತ್ತು. ಪ್ರತಿ ಹೊಲದಿಂದಲೂ ಅದೇ ಮುದ್ರಿತ ಧ್ವನಿ ಕೇಳಿಬರತೊಡಗಿದಾಗ ಹಕ್ಕಿ ಅದನ್ನೂ ಅಪಾಯದ ಸೂಚನೆಯಾಗಿ ಕಲಿಯಿತೆಂಬುದು ಬೇಟೆಗಾರರ ಸಾಮಾನ್ಯ ಅನುಭವ.

ಐದನೆಯದು ಗುರುತಿಸುವ ಹೊಣೆ. ಬಿಳಿಯ ಮೈ, ಕಪ್ಪು ರೆಕ್ಕೆತುದಿಗಳುಳ್ಳ, ಅಳಿವಿನಂಚಿನ ಹೂಪಿಂಗ್ ಕೊಕ್ಕರೆಯೂ ಅದೇ ಋತುವಿನಲ್ಲಿ ನೆಬ್ರಾಸ್ಕದ ಮೂಲಕವೇ ಉತ್ತರಕ್ಕೆ ಹಾರುತ್ತದೆ. ಮಸುಕು ಬೆಳಕಿನಲ್ಲಿ ಒಂದು ತಪ್ಪು ಗುಂಡು ಹಲವು ವರ್ಷಗಳ ಸಂರಕ್ಷಣೆಗೆ ಪೆಟ್ಟು ನೀಡಬಲ್ಲದು.

ಪರಿಣಾಮದ ವಿಮರ್ಶೆ

2011ರಲ್ಲಿ ರೇ ಅಲಿಸಾಸ್ಕಸ್ ಮತ್ತು ಸಹಲೇಖಕರು ಪ್ರಕಟಿಸಿದ ಸಮಗ್ರ ಅಧ್ಯಯನವು ಈ ಯೋಜನೆಯ ಮೌಲ್ಯಮಾಪನದಲ್ಲಿ ಮುಖ್ಯವಾದುದು. ಕೊಲ್ಲಲ್ಪಟ್ಟ ಹಕ್ಕಿಗಳ ಸಂಖ್ಯೆ 1999ರ ನಂತರ ಹೆಚ್ಚಿದ್ದು ನಿಜ. ಆದರೆ ಹಿಂಡು ಅದಕ್ಕಿಂತ ವೇಗವಾಗಿ ಬೆಳೆದ ಕಾರಣ, ಬೆಳೆದ ಹಕ್ಕಿಗಳಲ್ಲಿ ಬೇಟೆಗೆ ಬಲಿಯಾದವು ವರ್ಷಕ್ಕೆ ನೂರಕ್ಕೆ ಮೂರು-ನಾಲ್ಕರ ಆಸುಪಾಸಿನಲ್ಲಿಯೇ ಉಳಿದವು. ದೀಮಗಳ ಮೇಲೆ ಬಿದ್ದ ಹಕ್ಕಿಗಳಲ್ಲಿ ಮೈಕೊಬ್ಬು ಕಡಿಮೆಯಿರುವುದನ್ನೂ ಮಧ್ಯಪಶ್ಚಿಮದ ಸಂಶೋಧಕರು ಗಮನಿಸಿದ್ದಾರೆ. ಹಸಿದ, ದುರ್ಬಲವಾದ ಹಕ್ಕಿಯೇ ಎಚ್ಚರ ತಪ್ಪಿ ಇಳಿಯುತ್ತದೆ. ಯೋಜನೆಗೆ ಬೇಕಾಗಿದ್ದುದು ಗೂಡುಕಟ್ಟುವ ಸಾಮರ್ಥ್ಯವುಳ್ಳ ಬಲಿಷ್ಠ ಹಕ್ಕಿಗಳ ಇಳಿಕೆ. ದೀಮ ಒದಗಿಸಿದುದು ಮುಖ್ಯವಾಗಿ ಎಳೆಯ ಮತ್ತು ಬಡಕಲು ಹಕ್ಕಿಗಳನ್ನು.

ಪೂರ್ವ ತೀರದ ಚಿತ್ರ ಇದಕ್ಕೆ ಭಿನ್ನವಾಗಿದೆ. ದೊಡ್ಡ ಹಿಮ ಹೆಬ್ಬಾತುಗಳು ವಸಂತದಲ್ಲಿ ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿ ಒಟ್ಟುಗೂಡುತ್ತವೆ. ಸುಮಾರು ಹತ್ತು ಲಕ್ಷವನ್ನು ಮುಟ್ಟಿದ್ದ ಅವುಗಳ ಬೆಳವಣಿಗೆ ಕ್ವಿಬೆಕ್‌ನ ವಸಂತ ಬೇಟೆಯ ನಂತರ ನಿಂತಿತು. ಅಲ್ಲಿಯೂ ಬೇಟೆಯ ಪರಿಣಾಮ ಕೋವಿಯಿಂದ ಮಾತ್ರ ಆದುದಲ್ಲ. ಪದೇ ಪದೇ ಬೆದರಿ ಹಾರಿದ ಹಕ್ಕಿಗಳು ಸಾಕಷ್ಟು ಕೊಬ್ಬನ್ನು ಸಂಗ್ರಹಿಸಲಾರದೆ ಧ್ರುವಪ್ರದೇಶವನ್ನು ತಲುಪಿ, ಆ ವರ್ಷಗಳಲ್ಲಿ ಕಡಿಮೆ ಮರಿಮಾಡಿದುದು ದಾಖಲಾಗಿದೆ. ಹಿಂಡು ಚಿಕ್ಕದಾಗಿದ್ದು ಒಂದೇ ಕಣಿವೆಗೆ ಸೀಮಿತವಾಗಿದ್ದುದರಿಂದ ಬೇಟೆ ಅಲ್ಲಿ ಫಲಿಸಿತು. ಖಂಡದ ಮಧ್ಯಭಾಗದ ವಿಶಾಲ ಬಯಲಿನಲ್ಲಿ ಆ ಅನುಕೂಲವಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮಧ್ಯಭಾಗದ ಹಿಂಡುಗಳಲ್ಲಿಯೂ ಎಳೆಯ ಹಕ್ಕಿಗಳ ಪ್ರಮಾಣ ಕುಗ್ಗಿ ಸಂಖ್ಯೆ ಇಳಿಮುಖವಾಗಿದೆ. 2022ರಲ್ಲಿ ಹಕ್ಕಿಜ್ವರವೂ ಈ ಹಿಂಡುಗಳನ್ನು ಬಾಧಿಸಿತು. ಹೀಗೆ ಬೇಟೆಗಾರನಿಂದಾಗದ ನಿಯಂತ್ರಣವು ಮರಿಗಳ ಕೊರತೆಯ ರೂಪದಲ್ಲಿ ಬರತೊಡಗಿದೆ. ಹಕ್ಕಿ ತಾನೇ ಬರಿದುಮಾಡಿದ ಮೇವುನೆಲವೂ ಅದರ ಹಿಂದಿರುವ ಸಂಭವವಿದೆ. ಆದರೆ ಉಪ್ಪೇರಿದ ಜೌಗು ಹಕ್ಕಿಗಳಷ್ಟು ಬೇಗ ಬದಲಾಗುವುದಿಲ್ಲ. ಅಲ್ಲಿ ಹುಲ್ಲು ಮರಳಲು ದಶಕಗಳೇ ಬೇಕಾಗುತ್ತವೆ.

ಉಪಸಂಹಾರ

1916ರ ಒಪ್ಪಂದವು ಹಕ್ಕಿಗೆ ವಸಂತವನ್ನು ಮರಳಿ ಕೊಟ್ಟಿತು. ಇಪ್ಪತ್ತನೆಯ ಶತಮಾನದ ಕೃಷಿಯು ಅದಕ್ಕೆ ಚಳಿಗಾಲದ ಹಸಿವಿಲ್ಲದಂತೆ ಮಾಡಿತು. ಇವೆರಡರ ಫಲವನ್ನು ಅನುಭವಿಸಿದ ಹಕ್ಕಿಯು ಮೂರನೆಯ ಸ್ಥಳವಾದ ಟಂಡ್ರಾದಲ್ಲಿ ನೆಲದ ಮೇಲಿನ ಹಸಿರನ್ನು ಕಳೆಯಿತು. 1999ರ ಆದೇಶವು ಈ ಮೂರರಲ್ಲಿ ಶಾಸನವೊಂದನ್ನೇ ತಿದ್ದಿತು. ಹೊಲದ ಕಾಳನ್ನು ತಿದ್ದುವುದು ಯಾವ ಇಲಾಖೆಯ ಅಧಿಕಾರದಲ್ಲಿಯೂ ಇರಲಿಲ್ಲ. ಅದು ನೆಚ್ಚಿದ ದೀಮವಾದರೋ ಮೂಲತಃ ಅನುಭವವಿಲ್ಲದ ಹಕ್ಕಿಯನ್ನು ಹಿಡಿಯುವ ಉಪಾಯ. ಅನುಭವಿಯಾದ ಹಕ್ಕಿಯ ವಿರುದ್ಧ ಅದನ್ನು ಪ್ರಯೋಗಿಸಿದಾಗ ದೊರೆತ ಫಲವು ದೀಮದ ಇತಿಹಾಸವನ್ನು ಬಲ್ಲವರಿಗೆ ಆಶ್ಚರ್ಯವನ್ನುಂಟುಮಾಡದು. ಕ್ರೀ ಬೇಟೆಗಾರನಿಗೆ ದೀಮವು ಕೆಲವು ಹಕ್ಕಿಗಳನ್ನು ತಂದುಕೊಟ್ಟರೆ ಸಾಕಾಗಿತ್ತು. ಒಂದು ಖಂಡದ ಹಿಂಡನ್ನು ಅರ್ಧಕ್ಕಿಳಿಸುವ ಭಾರವನ್ನು ಅದೇ ಉಪಾಯದ ಮೇಲೆ ಹೊರಿಸಿದ್ದು ಈ ಯೋಜನೆಯ ಮೂಲಭೂತ ಮಿತಿಯಾಗಿತ್ತೆಂದು ಹೇಳಬಹುದು.